ಬರೆದದ್ದೊಂದು, ಸೇವ್ ಆದದ್ದೊಂದು: ಟೈಪ್ ಮಾಡಬಹುದಾದ ಕಾಂಬೊ ಬಾಕ್ಸ್ ಕೈಕೊಟ್ಟಾಗ

ವಿಜಯಪುರದ ಒಣದ್ರಾಕ್ಷಿ ವ್ಯಾಪಾರ, ಮಹಾಲಿಂಗಪುರದ ಬೆಲ್ಲದ ಅಡತಿ, ಇಳಕಲ್ಲಿನ ಸೀರೆ ಅಂಗಡಿ, ಬೆಳಗಾವಿಯ ಫೌಂಡ್ರಿ: ಎಲ್ಲಿಯ ಬಿಲ್ಲಿಂಗ್ ಪ್ರೋಗ್ರಾಂ ತೆಗೆದು ನೋಡಿದರೂ ಹೆಸರು, ಊರು, ಮಾಲು ತುಂಬುವ ಜಾಗದಲ್ಲಿ ಒಂದು ಕಾಂಬೊ ಬಾಕ್ಸ್ ಇರುತ್ತದೆ. ಪಟ್ಟಿಯಿಂದ ಆರಿಸಲೂಬಹುದು, ಕೈಯಿಂದ ಟೈಪ್ ಮಾಡಲೂಬಹುದು. ಈ ಎರಡನೆಯ ಅನುಕೂಲದಿಂದಲೇ ತೊಂದರೆಗಳೆಲ್ಲ ಹುಟ್ಟುತ್ತವೆ.

ಅಂಥ ಬಾಕ್ಸ್ ಒಂದೇ ವಸ್ತುವಿನಂತೆ ಕಂಡರೂ ಒಳಗೆ ಎರಡಿವೆ. ಮೇಲೆ ಬರಹದ ಡಬ್ಬಿ, ಕೆಳಗೆ ಪಟ್ಟಿ. ಡಬ್ಬಿಯಲ್ಲಿ ಬರೆದದ್ದು ‘ಟೆಕ್ಸ್ಟ್’. ಪಟ್ಟಿಯಲ್ಲಿ ಆರಿಸಿದ್ದು ‘ಸೆಲೆಕ್ಟೆಡ್‌ಇಂಡೆಕ್ಸ್’ (ಎಷ್ಟನೆಯ ಸಾಲು), ‘ಸೆಲೆಕ್ಟೆಡ್‌ಐಟಂ’ (ಆ ಸಾಲು), ‘ಸೆಲೆಕ್ಟೆಡ್‌ವ್ಯಾಲ್ಯೂ’ (ಆ ಸಾಲಿನ ಹಿಂದಿರುವ ನಂಬರ್). ಇವೆರಡೂ ಯಾವಾಗಲೂ ಜೊತೆಗೇ ನಡೆಯುತ್ತವೆ ಎಂದು ನಂಬಿ ಬರೆದ ಕೋಡ್ ಒಂದಲ್ಲ ಒಂದು ದಿನ ತಪ್ಪು ರೈತನ ಹೆಸರಿಗೆ ಬಿಲ್ ಹರಿಯುತ್ತದೆ. ಇಲ್ಲಿ ಹೇಳುವುದು ಹೆಚ್ಚಾಗಿ ಡಾಟ್‌ನೆಟ್ ವಿಂಡೋಸ್ ಫಾರ್ಮ್ಸ್ (ವಿಂಡೋಸ್ ಪ್ರೋಗ್ರಾಂ ಬರೆಯಲು ಮೈಕ್ರೋಸಾಫ್ಟ್ ಕೊಟ್ಟ ಸಲಕರಣೆ) ಬಗ್ಗೆ, ನಮ್ಮ ಕಡೆಯ ಅಂಗಡಿಗಳಲ್ಲಿ ಸಿಗುವ ಹಳೆಯ ಪ್ರೋಗ್ರಾಂಗಳು ಬಹಳಷ್ಟು ಅದರಲ್ಲೇ ಇವೆ. ಉಳಿದವುಗಳ ಮಾತು ಕೊನೆಯ ಕಡೆಗೆ.

ಕೋಡ್ ಮುಟ್ಟುವ ಮೊದಲು ಒಂದು ಕೆಲಸ

ಫಾರ್ಮ್‌ನ ಕೆಳಗೆ ತಾತ್ಕಾಲಿಕವಾಗಿ ಒಂದು ಲೇಬಲ್ ಇಡಿ. ಒಂದು ಟೈಮರ್ ಹಾಕಿ, ಅರ್ಧ ಸೆಕೆಂಡಿಗೊಮ್ಮೆ ನಾಲ್ಕು ಸಂಗತಿ ಅದರಲ್ಲಿ ಬರಲಿ: ಚೌಕ ಕಂಸದೊಳಗೆ ಟೆಕ್ಸ್ಟ್, ಆ ಟೆಕ್ಸ್ಟ್‌ನ ಉದ್ದ, ಸೆಲೆಕ್ಟೆಡ್‌ಇಂಡೆಕ್ಸ್, ಸೆಲೆಕ್ಟೆಡ್‌ವ್ಯಾಲ್ಯೂ. ಉದಾಹರಣೆಗೆ:

[ಜಮಖಂಡಿ ] 7 | -1 | ಖಾಲಿ

ಈ ಒಂದು ಸಾಲಿನಲ್ಲೇ ಎರಡು ರೋಗ ಕಾಣುತ್ತವೆ. ‘ಜಮಖಂಡಿ’ಯ ಉದ್ದ 6 ಇರಬೇಕು (ಜ, ಮ, ಖ, ಸೊನ್ನೆ, ಡ, ಗುಡಿಸು), ಇಲ್ಲಿ 7 ಇದೆ, ಅಂದರೆ ಬಾಲಕ್ಕೊಂದು ಸ್ಪೇಸ್ ಅಂಟಿದೆ. ಇಂಡೆಕ್ಸ್ -1, ಅಂದರೆ ಬರಹ ಇದೆ, ಆಯ್ಕೆ ಆಗಿಲ್ಲ. ಚೌಕ ಕಂಸ ಹಾಕದೆ ನೋಡಿದರೆ ಆ ಸ್ಪೇಸ್ ಕಣ್ಣಿಗೆ ಬೀಳುವುದಿಲ್ಲ. ದೂರು ಹೇಳಿದವರನ್ನೇ ಕೂರಿಸಿ, ಅವರು ದಿನಾ ಮಾಡುವಂತೆಯೇ ಮಾಡಿಸಿ, ಲೇಬಲ್ ನೋಡುತ್ತಾ ಹೋಗಿ. ನಾವು ಮೌಸ್ ಹಿಡಿದು ಪರೀಕ್ಷೆ ಮಾಡುತ್ತೇವೆ, ಗಲ್ಲೆಯ ಮೇಲೆ ಕೂತವರು ಮೌಸ್ ಮುಟ್ಟುವುದೇ ಇಲ್ಲ. ಅರ್ಧ ದೋಷ ಆ ವ್ಯತ್ಯಾಸದಲ್ಲೇ ಅಡಗಿರುತ್ತದೆ.

“ಹೆಸರ ಬರದೇನ್ರಿ, ಸೇವ್ ಆಗವಲ್ದು”

ಕೈಯಿಂದ ಟೈಪ್ ಮಾಡಿದ ಕೂಡಲೇ ಸೆಲೆಕ್ಟೆಡ್‌ಇಂಡೆಕ್ಸ್ -1 ಆಗುತ್ತದೆ. ಬರೆದದ್ದು ಪಟ್ಟಿಯಲ್ಲಿರುವ ಹೆಸರೇ ಆಗಿದ್ದರೂ ಅಷ್ಟೇ, ತಾನಾಗಿ ಹೋಗಿ ಆ ಸಾಲನ್ನು ಆರಿಸಿಕೊಳ್ಳುವುದಿಲ್ಲ. ಸೇವ್ ಕೋಡ್ ಸೆಲೆಕ್ಟೆಡ್‌ವ್ಯಾಲ್ಯೂ ಓದಿದರೆ ಸಿಗುವುದು ‘ನಲ್’ (ಏನೂ ಇಲ್ಲ). ಅದನ್ನು ಸಂಖ್ಯೆಗೆ ಬದಲಿಸುವ ಸಾಲಿನಲ್ಲಿ ಪ್ರೋಗ್ರಾಂ ಬೀಳಬಹುದು. ಬೀಳದೆ ಸೊನ್ನೆಯಾಗಿ ಒಳಗೆ ಹೋದರೆ ಅದು ಇನ್ನೂ ಕೆಟ್ಟದ್ದು, ಸೊನ್ನೆ ನಂಬರಿನ ರೈತನ ಖಾತೆ ತುಂಬುತ್ತಾ ಹೋಗುತ್ತದೆ.

ಆಟೋಕಂಪ್ಲೀಟ್ (ಟೈಪ್ ಮಾಡುತ್ತಿದ್ದಂತೆ ಹೊಂದುವ ಹೆಸರು ಸೂಚಿಸುವ ಅನುಕೂಲ) ಹಾಕಿದ್ದರೆ ಸ್ವಲ್ಪ ಬೇರೆ. ಬಾಕ್ಸ್ ಬಿಟ್ಟು ಮುಂದೆ ಹೋಗುವಾಗ, ವ್ಯಾಲಿಡೇಟಿಂಗ್ (ಬರೆದದ್ದು ಸರಿಯೇ ಎಂದು ನೋಡುವ) ಹಂತದಲ್ಲಿ, ಬರಹಕ್ಕೆ ಹೊಂದುವ ಸಾಲು ಸಿಕ್ಕರೆ ಅದು ಆಯ್ಕೆಯಾಗುತ್ತದೆ. ಹಾಗಾಗಿಯೇ ಟ್ಯಾಬ್ ಒತ್ತಿ ಮುಂದೆ ಹೋದವರಿಗೆ ಸರಿಯಾಗಿ ಸೇವ್ ಆಗುತ್ತದೆ, ಬರೆದ ಕೂಡಲೇ ಮೇಲಿನ ಟೂಲ್‌ಸ್ಟ್ರಿಪ್‌ನ ಸೇವ್ ಬಟನ್ ಒತ್ತಿದವರಿಗೆ ಆಗುವುದಿಲ್ಲ. ಟೂಲ್‌ಸ್ಟ್ರಿಪ್ ಬಟನ್ ಫೋಕಸ್ (ಒತ್ತಿದ ಕೀ ತಲುಪುವ ಜಾಗ) ತೆಗೆದುಕೊಳ್ಳುವುದಿಲ್ಲ. ಫೋಕಸ್ ಬಾಕ್ಸ್‌ನಲ್ಲೇ ಉಳಿದ ಮೇಲೆ ವ್ಯಾಲಿಡೇಟಿಂಗ್ ಎಲ್ಲಿಂದ ಬರಬೇಕು? ಎಫ್5 ಥರದ ಶಾರ್ಟ್‌ಕಟ್‌ಗೂ ಇದೇ ಕಥೆ. “ಒಮ್ಮೆ ಆಗತೈತಿ, ಒಮ್ಮೆ ಆಗಂಗಿಲ್ಲ” ಎಂಬ ದೂರು ಬಂದರೆ ಮೊದಲು ಇದನ್ನೇ ಅನುಮಾನಿಸಿ. ಸೇವ್ ಕೋಡಿನ ಮೊದಲ ಸಾಲಿನಲ್ಲಿ ಫಾರ್ಮ್‌ನ ‘ವ್ಯಾಲಿಡೇಟ್’ ಕರೆಯಿರಿ, ಅದು ‘ಫಾಲ್ಸ್’ ಕೊಟ್ಟರೆ ಅಲ್ಲೇ ನಿಲ್ಲಿಸಿ. ಬೈಂಡಿಂಗ್‌ಸೋರ್ಸ್ (ಡೇಟಾಕ್ಕೂ ಬಾಕ್ಸ್‌ಗೂ ನಡುವಿನ ಕೊಂಡಿ) ಇದ್ದರೆ ನಂತರ ಅದರ ‘ಎಂಡ್‌ಎಡಿಟ್’.

ಪೂರ್ತಿ ಮದ್ದು ಬೇಕಾದರೆ ಆಯ್ಕೆಯ ತೀರ್ಮಾನವನ್ನು ಬಾಕ್ಸ್‌ಗೆ ಬಿಡದೆ ವ್ಯಾಲಿಡೇಟಿಂಗ್ ಈವೆಂಟ್‌ನಲ್ಲಿ ನೀವೇ ಮಾಡಿ. ಬರಹದ ಹಿಂದು ಮುಂದಿನ ಸ್ಪೇಸ್ ತೆಗೆಯಿರಿ. ಪಟ್ಟಿಯ ಒಂದೊಂದು ಸಾಲನ್ನೂ ‘ಗೆಟ್‌ಐಟಂಟೆಕ್ಸ್ಟ್’ ಮೂಲಕ ಓದಿ ಹೋಲಿಸಿ (ನೇರವಾಗಿ ‘ಟುಸ್ಟ್ರಿಂಗ್’ ಮಾಡಿದರೆ ಡೇಟಾ ಟೇಬಲ್ ಕಟ್ಟಿದ ಬಾಕ್ಸ್‌ನಲ್ಲಿ ಊರಿನ ಬದಲು ‘ಡೇಟಾರೋವ್ಯೂ’ ಎಂಬ ಹೆಸರು ಸಿಗುತ್ತದೆ). ಎಷ್ಟು ಸಾಲು ಹೊಂದಿದವು ಎಂದು ಎಣಿಸಿ. ಒಂದೇ ಸಿಕ್ಕರೆ ಸೆಲೆಕ್ಟೆಡ್‌ಇಂಡೆಕ್ಸ್ ಅದಕ್ಕಿಡಿ. ಒಂದೂ ಸಿಗದಿದ್ದರೆ “ಹೊಸದಾಗಿ ಸೇರಿಸಲೇ?” ಎಂದು ಕೇಳಿ. ಎರಡು ಸಿಕ್ಕರೆ ತಡೆಯಿರಿ. ಹೊಸೂರ ಎಂಬ ಊರು ಒಂದಕ್ಕಿಂತ ಹೆಚ್ಚು ತಾಲೂಕಿನಲ್ಲಿದೆ, ‘ಫೈಂಡ್‌ಸ್ಟ್ರಿಂಗ್‌ಎಕ್ಸಾಕ್ಟ್’ ಮೊದಲು ಸಿಕ್ಕದ್ದನ್ನು ಕೊಟ್ಟು ಸುಮ್ಮನಾಗುತ್ತದೆ. ಪಟ್ಟಿಯಲ್ಲಿ ತೋರಿಸುವಾಗಲೇ ‘ಹೊಸೂರ, ಬೈಲಹೊಂಗಲ’ ಎಂದು ತಾಲೂಕು ಸೇರಿಸಿ ತೋರಿಸಿದರೆ ಈ ಗೊಂದಲ ಹುಟ್ಟುವುದೇ ಇಲ್ಲ.

ತಡೆಯಲು ‘ಕ್ಯಾನ್ಸಲ್’ ಅನ್ನು ‘ಟ್ರೂ’ ಮಾಡುವಾಗ ಹುಷಾರು. ಹಾಗೆ ಮಾಡಿದರೆ ಫಾರ್ಮ್ ಮುಚ್ಚುವ ಗುಣಾಕಾರದ ಗುರುತೂ ಕೆಲಸ ಮಾಡುವುದಿಲ್ಲ, ಮನುಷ್ಯ ಒಳಗೇ ಸಿಕ್ಕಿಬೀಳುತ್ತಾನೆ. ರದ್ದು ಬಟನ್‌ನ ‘ಕಾಸಸ್‌ವ್ಯಾಲಿಡೇಶನ್’ ಫಾಲ್ಸ್ ಇರಲಿ, ಫಾರ್ಮ್‌ಕ್ಲೋಸಿಂಗ್‌ನಲ್ಲಿ ಕ್ಯಾನ್ಸಲ್ ಅನ್ನು ಮತ್ತೆ ಫಾಲ್ಸ್ ಮಾಡಿ.

ಹೊಸ ಹೆಸರು ಸೇರಿಸುವಾಗ ಇನ್ನೊಂದು ಮುಳ್ಳು. ಬಾಕ್ಸ್‌ಗೆ ಡೇಟಾಸೋರ್ಸ್ (ಪಟ್ಟಿ ತುಂಬುವ ಮೂಲ) ಕೊಟ್ಟಿದ್ದರೆ ‘ಐಟಮ್ಸ್’ಗೆ ನೇರವಾಗಿ ಸೇರಿಸಲು ಬಿಡುವುದಿಲ್ಲ, ಎರರ್ ಎಸೆಯುತ್ತದೆ. ಮೂಲಕ್ಕೇ ಸೇರಿಸಬೇಕು. ಮೂಲ ಬರೀ ‘ಲಿಸ್ಟ್’ ಆಗಿದ್ದರೆ ಸೇರಿಸಿದ್ದು ಬಾಕ್ಸ್‌ಗೆ ಗೊತ್ತೇ ಆಗುವುದಿಲ್ಲ, ‘ಬೈಂಡಿಂಗ್‌ಲಿಸ್ಟ್’ ಅಥವಾ ಡೇಟಾ ಟೇಬಲ್ ಬಳಸಿ. ಮೊದಲು ಡೇಟಾಬೇಸಿಗೆ ಹಾಕಿ ನಂಬರ್ ಪಡೆಯಿರಿ, ಆಮೇಲೆ ಮೂಲಕ್ಕೆ ಸೇರಿಸಿ, ಕೊನೆಗೆ ಸೆಲೆಕ್ಟೆಡ್‌ವ್ಯಾಲ್ಯೂಗೆ ಆ ನಂಬರ್ ಕೊಡಿ. ಈ ಕ್ರಮ ತಪ್ಪಿದರೆ ಅದೇ ಹೆಸರು ಎರಡು ಸಲ ಸೇರುತ್ತದೆ.

“ಊರ ಬದ್ಲಿ ಮಾಡಿದ್ರ ಬಾಡಿಗಿ ಬದ್ಲಿ ಆಗವಲ್ದು”

ಊರಿನ ಮೇಲೆ ಗಾಡಿ ಬಾಡಿಗೆ ನಿಲ್ಲುವ ಲೆಕ್ಕವನ್ನು ‘ಸೆಲೆಕ್ಟೆಡ್‌ಇಂಡೆಕ್ಸ್‌ಚೇಂಜ್ಡ್’ನಲ್ಲಿ ಬರೆದಿರುತ್ತಾರೆ. ಟೈಪ್ ಮಾಡಿದಾಗ ಅದು ಏಳುವುದಿಲ್ಲ, ಟೈಪಿಂಗ್‌ಗೆ ಏಳುವುದು ‘ಟೆಕ್ಸ್ಟ್‌ಚೇಂಜ್ಡ್’. ಅದರಲ್ಲಿ ಲೆಕ್ಕ ಹಾಕಿದರೆ ಒಂದೊಂದು ಕೀ ಒತ್ತಿಗೂ ಲೆಕ್ಕ ನಡೆಯುತ್ತದೆ. ವ್ಯಾಲಿಡೇಟಿಂಗ್‌ನಲ್ಲಿ ಆಯ್ಕೆ ಕೂರಿಸಿದ ಮೇಲೆ ‘ವ್ಯಾಲಿಡೇಟೆಡ್’ ಈವೆಂಟ್‌ನಲ್ಲಿ ಒಂದೇ ಸಲ ಲೆಕ್ಕ ಹಾಕುವುದು ಸರಿ.

‘ಸೆಲೆಕ್ಷನ್‌ಚೇಂಜ್‌ಕಮಿಟೆಡ್’ ಬಳಸಿ ಎಂದು ಹೇಳುವವರಿದ್ದಾರೆ. ಮನುಷ್ಯ ಆರಿಸಿದ್ದಕ್ಕೂ ಕೋಡ್ ಆರಿಸಿದ್ದಕ್ಕೂ ವ್ಯತ್ಯಾಸ ಬೇಕಾದಾಗ ಅದು ಒಳ್ಳೆಯದೇ. ಆದರೆ ಅದರೊಳಗೆ ಟೆಕ್ಸ್ಟ್ ಓದಿದರೆ ಹಳೆಯದೇ ಬರಬಹುದು, ಡಬ್ಬಿ ಇನ್ನೂ ಬದಲಾಗಿರುವುದಿಲ್ಲ. ಅಲ್ಲಿ ಸೆಲೆಕ್ಟೆಡ್‌ಐಟಂ ಓದಿ, ಇಲ್ಲವೇ ಈ ಈವೆಂಟ್ ಮುಗಿದ ಮೇಲೆ ನಡೆಯುವಂತೆ ಕೆಲಸವನ್ನು ‘ಬಿಗಿನ್‌ಇನ್ವೋಕ್’ಗೆ ಒಪ್ಪಿಸಿ.

“ನಾ ಇಂಡಿ ಬರದ್ರ ಇಂಡಿ ರೋಡ್ ಆಗತೈತ್ರಿ”

ಪಟ್ಟಿಯಲ್ಲಿ ‘ಇಂಡಿ ರೋಡ್’ ಇದೆ, ಬರೀ ‘ಇಂಡಿ’ ಇನ್ನೂ ಸೇರಿಲ್ಲ. ‘ಇಂಡಿ’ ಎಂದು ಬರೆದು ಪಟ್ಟಿ ಇದೆಯೇ ನೋಡೋಣ ಎಂದು ಬಾಣ ಒತ್ತಿದರೆ, ಬರಹದಿಂದ ಶುರುವಾಗುವ ಮೊದಲ ಸಾಲಿನ ಮೇಲೆ ಪಟ್ಟಿ ಹೋಗಿ ಕೂರುತ್ತದೆ, ಡಬ್ಬಿಯಲ್ಲೂ ಅದೇ ಬರುತ್ತದೆ. ಇದು ವಿಂಡೋಸ್‌ನ ಮೂಲ ಕಾಂಬೊ ಬಾಕ್ಸ್‌ನ ಸ್ವಭಾವ. ಆಟೋಕಂಪ್ಲೀಟ್ ‘ಅಪೆಂಡ್’ ಅಥವಾ ‘ಸಜೆಸ್ಟ್‌ಅಪೆಂಡ್’ ಇದ್ದರೆ ಬಾಣವೂ ಬೇಡ, ಉಳಿದ ‘ ರೋಡ್’ ನೀಲಿ ಬಣ್ಣದಲ್ಲಿ ತಾನೇ ಅಂಟಿಕೊಳ್ಳುತ್ತದೆ, ಟ್ಯಾಬ್ ಒತ್ತಿದರೆ ಖಾಯಂ ಆಗುತ್ತದೆ. ಹೊಸ ಹೆಸರು ಬರುವ ಜಾಗದಲ್ಲಿ ‘ಸಜೆಸ್ಟ್’ ಮಾತ್ರ ಇಡಿ.

ಟೈಪ್ ಮಾಡುತ್ತಿದ್ದಂತೆ ಪಟ್ಟಿ ತೆರೆಯಲಿ ಎಂದು ಟೆಕ್ಸ್ಟ್‌ಚೇಂಜ್ಡ್‌ನಲ್ಲಿ ‘ಡ್ರಾಪ್ಡ್‌ಡೌನ್’ ಅನ್ನು ಟ್ರೂ ಮಾಡುವುದು ಬಹಳ ಜನರ ಚಟ. ಬರಹ ಬದಲಾಗುವುದರ ಜೊತೆಗೆ ಮೌಸ್ ಬಾಣವೂ ಮಾಯವಾಗುತ್ತದೆ. ಆಟೋಕಂಪ್ಲೀಟ್ ಕೂಡ ಇದ್ದರೆ ಎರಡು ಪಟ್ಟಿ ಒಂದರ ಮೇಲೊಂದು ತೆರೆದುಕೊಂಡು ಗುದ್ದಾಡುತ್ತವೆ. ಅದನ್ನು ತೆಗೆದುಹಾಕಿ. ಹೆಸರಿನ ನಡುವಿನ ಪದದಿಂದಲೂ ಹುಡುಕಬೇಕಾದರೆ ಆಟೋಕಂಪ್ಲೀಟ್‌ನಿಂದ ಆಗುವುದಿಲ್ಲ, ಅದು ನೋಡುವುದು ಶುರುವಿನ ಅಕ್ಷರಗಳನ್ನು ಮಾತ್ರ. ಒಂದು ಟೆಕ್ಸ್ಟ್‌ಬಾಕ್ಸ್, ಕೆಳಗೊಂದು ಲಿಸ್ಟ್‌ಬಾಕ್ಸ್ ಇಟ್ಟು ನೀವೇ ಸೋಸಿ. ಕೆಲಸ ತುಸು ಜಾಸ್ತಿ, ನೆಮ್ಮದಿ ಬಹಳ ಜಾಸ್ತಿ. ‘ಆಟೋಕಂಪ್ಲೀಟ್‌ಕಸ್ಟಮ್‌ಸೋರ್ಸ್’ ಅನ್ನು ಪ್ರತಿ ಕೀ ಒತ್ತಿಗೂ ಬದಲಿಸುವ ಕೋಡ್ ಕಂಡರೆ ಅಳಿಸಿ. ಪ್ರೊಟೆಕ್ಟೆಡ್ ಮೆಮೊರಿ ಎರರ್ ಬಂದು ಪ್ರೋಗ್ರಾಂ ಧೊಪ್ಪನೆ ಬೀಳಲು ಅದೂ ಒಂದು ಕಾರಣ. ಫಾರ್ಮ್ ತೆರೆಯುವಾಗ ಒಮ್ಮೆ ತುಂಬಿದರೆ ಸಾಕು.

“ತಗದ ಕೂಡ್ಲೆ ಮೊದಲ್ನೇ ಹೆಸರ ಬಂದ ಕೂಡತೈತಿ”

ಡೇಟಾಸೋರ್ಸ್ ಕೊಟ್ಟ ಕ್ಷಣ ಮೊದಲ ಸಾಲು ಆಯ್ಕೆಯಾಗುತ್ತದೆ. ಯಾರೂ ಮುಟ್ಟದೆ ಸೇವ್ ಒತ್ತಿದರೆ ಬಿಲ್ ಅಕಾರಾದಿಯ ಮೊದಲ ಗಿರಾಕಿಗೆ ಬೀಳುತ್ತದೆ. ‘ಡಿಸ್‌ಪ್ಲೇಮೆಂಬರ್’ (ತೋರಿಸುವ ಕಾಲಂ), ‘ವ್ಯಾಲ್ಯೂಮೆಂಬರ್’ (ನಂಬರಿನ ಕಾಲಂ) ಮೊದಲು, ಡೇಟಾಸೋರ್ಸ್ ನಂತರ, ಕೊನೆಗೆ ಸೆಲೆಕ್ಟೆಡ್‌ಇಂಡೆಕ್ಸ್ -1. ಡೇಟಾಸೋರ್ಸ್ ಅನ್ನೇ ಮೊದಲು ಕೊಟ್ಟರೆ ಈವೆಂಟ್ ಏಳುವ ಹೊತ್ತಿಗೆ ಸೆಲೆಕ್ಟೆಡ್‌ವ್ಯಾಲ್ಯೂನಲ್ಲಿ ನಂಬರ್ ಬದಲು ಇಡೀ ಡೇಟಾರೋವ್ಯೂ ಕೂತಿರುತ್ತದೆ.

ಮಾರುವವರ ಊರು ಬದಲಿಸಿದರೆ ಕೊಳ್ಳುವವರ ಊರೂ ಬದಲಾಗುತ್ತದೆಯೇ? ಎರಡೂ ಬಾಕ್ಸ್‌ಗೆ ಒಂದೇ ಟೇಬಲ್ ಕೊಟ್ಟಿದ್ದೀರಿ. ಒಂದೇ ಮೂಲಕ್ಕೆ ಒಂದೇ ‘ಕರೆನ್ಸಿ ಮ್ಯಾನೇಜರ್’ (ದುಡ್ಡಿನ ಕರೆನ್ಸಿ ಅಲ್ಲ, ‘ಈಗ ಯಾವ ಸಾಲು’ ಎಂಬ ಲೆಕ್ಕ). ಒಂದೊಂದಕ್ಕೂ ಬೇರೆ ಬೇರೆ ಬೈಂಡಿಂಗ್‌ಸೋರ್ಸ್ ಕೊಡಿ.

ಮೌಸ್ ಚಕ್ರದ್ದೂ ಇಲ್ಲೇ ಹೇಳಿಬಿಡಬೇಕು. ಬಾಕ್ಸ್‌ನಲ್ಲಿ ಫೋಕಸ್ ಇದ್ದಾಗ ಫಾರ್ಮ್ ಕೆಳಗಿಳಿಸಲು ಚಕ್ರ ತಿರುಗಿಸಿದರೆ ಇಳಿಯುವುದು ಫಾರ್ಮ್ ಅಲ್ಲ, ಹೆಸರು. ‘ಮೌಸ್‌ವ್ಹೀಲ್’ ಈವೆಂಟ್‌ನಲ್ಲಿ ಬರುವ ಆರ್ಗ್ಯುಮೆಂಟ್ ಅನ್ನು ‘ಹ್ಯಾಂಡಲ್ಡ್‌ಮೌಸ್‌ಈವೆಂಟ್‌ಆರ್ಗ್ಸ್’ಗೆ ಬದಲಿಸಿ, ಪಟ್ಟಿ ತೆರೆದಿಲ್ಲದಾಗ ‘ಹ್ಯಾಂಡಲ್ಡ್’ ಟ್ರೂ ಮಾಡಿ.

“ಕಣ್ಣಿಗೆ ಒಂದೇ ಕಾಣಸ್ತಾವ, ಪಟ್ಟಿನ್ಯಾಗ ಎರಡ ಅದಾವ”

ಇಂಗ್ಲಿಷ್ ಪಟ್ಟಿ ಬರೆದವರಿಗೆ ಬಾರದ, ಕನ್ನಡದವರಿಗೆ ತಪ್ಪದ ತೊಂದರೆ ಇದು. ಲೇಬಲ್‌ನಲ್ಲಿ ಉದ್ದ ನೋಡಿ. ‘ಬಾಗಲಕೋಟೆ’ಗೆ 8 ಬರಬೇಕು. ಅದೇ ‘ಬಾಗಲಕೋಟೆ’ಗೆ 10 ಬಂದರೆ ‘ಕೋ’ದ ಓತ್ವ ಒಂದೇ ಸಂಕೇತವಾಗಿ ಉಳಿದಿಲ್ಲ, ಎತ್ವ, ಊತ್ವದ ಕೊಂಬು, ದೀರ್ಘ ಎಂದು ಮೂರು ತುಂಡಾಗಿದೆ. ಓತ್ವದ ಸಂಕೇತ 0ಸಿಸಿಬಿ. ಒಡೆದರೆ 0ಸಿಸಿ6, 0ಸಿಸಿ2, 0ಸಿಡಿ5. ತೆರೆಯ ಮೇಲೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. 9 ಬಂದರೆ ಹ್ರಸ್ವ ಒತ್ವಕ್ಕೆ ದೀರ್ಘ ಅಂಟಿಸಿದ್ದಾರೆ ಎಂದರ್ಥ. ಬೇರೆ ಕಡೆಯಿಂದ ಪರಿವರ್ತಿಸಿ ತಂದ ಕಡತಗಳಲ್ಲಿ ಇಂಥವು ಸಿಗಬಹುದು. ಸ್ಟ್ರಿಂಗ್‌ನ ‘ನಾರ್ಮಲೈಜ್’ ಕರೆದರೆ ಮೂರೂ ಒಂದೇ ರೂಪಕ್ಕೆ ಬರುತ್ತವೆ. ಸೇವ್ ಮಾಡುವಾಗಲೂ ಹೋಲಿಸುವಾಗಲೂ ಕರೆಯಿರಿ, ಹಳೆಯ ಟೇಬಲ್‌ನ ಮೇಲೆ ಒಮ್ಮೆ ಓಡಿಸಿ.

ಎರಡನೆಯ ಕಳ್ಳ ಕಾಣದ ಅಕ್ಷರ, 200ಸಿ ಸಂಕೇತದ್ದು. ‘ಇಳಕಲ್’ಗೆ ಉದ್ದ 5. ಅರ್ಧಾಕ್ಷರ ಮುಂದಿನದಕ್ಕೆ ಒತ್ತಾಗದಿರಲಿ ಎಂದು ಕೀಲಿಮಣೆಯಲ್ಲಿ ಹಾಕುವ ಈ ಗುರುತು ಬಾಲಕ್ಕೆ ಉಳಿದರೆ 6. ‘ಟ್ರಿಮ್’ ಇದನ್ನು ತೆಗೆಯುವುದಿಲ್ಲ, ಅದರ ಲೆಕ್ಕದಲ್ಲಿ ಇದು ಸ್ಪೇಸ್ ಅಲ್ಲ. ಇಲ್ಲೊಂದು ತಮಾಷೆ ನಡೆಯುತ್ತದೆ: ಫೈಂಡ್‌ಸ್ಟ್ರಿಂಗ್‌ಎಕ್ಸಾಕ್ಟ್ ಭಾಷೆಯ ನಿಯಮದಂತೆ ಹೋಲಿಸಿ ಈ ಗುರುತನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ‘ಇದೆ’ ಎನ್ನುತ್ತದೆ. ನೀವು ಬಳಸಿದ ‘ಡಿಕ್ಷನರಿ’ ಸಂಕೇತಗಳನ್ನೇ ನೋಡಿ ‘ಇಲ್ಲ’ ಎನ್ನುತ್ತದೆ. ಎರಡೂ ಸುಳ್ಳು ಹೇಳುತ್ತಿಲ್ಲ. ಹಾಗೆಂದು ಎಲ್ಲ ಕಡೆಯಿಂದಲೂ ಈ ಗುರುತನ್ನು ಕಿತ್ತು ಹಾಕಬೇಡಿ, ‘ರಾಜ್‌ಕುಮಾರ’ ಹೋಗಿ ‘ರಾಜ್ಕುಮಾರ’ ಆಗುತ್ತಾನೆ. ತೋರಿಸುವ ಹೆಸರಿನಲ್ಲಿ ತುದಿಯದ್ದು ಮಾತ್ರ ತೆಗೆಯಿರಿ. ಹೋಲಿಕೆಗೆಂದೇ ಬೇರೆ ಕಾಲಂ ಇಟ್ಟು ಅದರಲ್ಲಿ ಎಲ್ಲವನ್ನೂ ತೆಗೆದು ಇಡಿ, ಯುನಿಕ್ ನಿರ್ಬಂಧವನ್ನು ಅದರ ಮೇಲೆ ಹಾಕಿ.

ಹೆಸರೇ ಬದಲಾದ ಊರುಗಳಿಗೆ ಇದು ಸಾಲದು. 2014ರ ನವೆಂಬರ್ 1ರ ನಂತರ ಬಿಜಾಪುರ ವಿಜಯಪುರವಾಯಿತು. ಬರೆಯುವವರ ಕೈ ಇನ್ನೂ ಎರಡನ್ನೂ ಬರೆಯುತ್ತದೆ, ‘ವಿಜಾಪುರ’ವನ್ನೂ ಬರೆಯುತ್ತದೆ. ಹಳೆ ಹೆಸರು, ಊರಿನ ನಂಬರ್ ಎಂದು ಎರಡು ಕಾಲಂನ ಸಣ್ಣ ಟೇಬಲ್ ಮಾಡಿ, ವ್ಯಾಲಿಡೇಟಿಂಗ್‌ನಲ್ಲಿ ಪಟ್ಟಿಯಲ್ಲಿ ಸಿಗದ್ದನ್ನು ಅದರಲ್ಲಿ ಹುಡುಕಿ.

ಪಟ್ಟಿಯಲ್ಲಿ ಊರಿನ ಬದಲು ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಬಾಕ್ಸ್‌ದೇನೂ ತಪ್ಪಿಲ್ಲ. ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಕಾಲಂ ‘ವಾರ್‌ಚಾರ್’ ಇದೆ, ಇಲ್ಲವೇ ಕ್ವೆರಿಯಲ್ಲಿ ಹೆಸರಿನ ಹಿಂದೆ ‘ಎನ್’ ಬಿಟ್ಟಿದ್ದೀರಿ. ‘ಎನ್‌ವಾರ್‌ಚಾರ್’ ಮಾಡಿ, ಪ್ಯಾರಾಮೀಟರ್ ಬಳಸಿ. ಪ್ರಶ್ನಾರ್ಥಕವಾಗಿ ಸೇವ್ ಆದದ್ದು ಮರಳಿ ಬರುವುದಿಲ್ಲ, ಕೈಯಿಂದಲೇ ತುಂಬಬೇಕು.

“ಜಮಖಂಡಿ ಅಂತ ಒತ್ತಿದ್ರ ಆಲಮಟ್ಟಿ ಬರತೈತಿ”

ಇದನ್ನು ಕೇಳಿದ ಕೂಡಲೇ ಕೇಳಬೇಕಾದ ಪ್ರಶ್ನೆ: ಡೇಟಾ ಹಳೆಯ ನುಡಿ ಆಸ್ಕಿ ಫಾಂಟ್‌ನದೇ? ಆ ಫಾಂಟ್‌ನಲ್ಲಿ ಕನ್ನಡ ಅಕ್ಷರದ ಹಿಂದೆ ಕೂತಿರುವುದು ರೋಮನ್ ಸಂಕೇತ. ಸಣ್ಣ ‘ಡಿ’ಯ ಸಂಕೇತ ಇದ್ದರೆ ಜ, ದೊಡ್ಡ ‘ಡಿ’ ಆ. ದೊಡ್ಡ ‘ಝಡ್’ ಚ, ಸಣ್ಣ ‘ಝಡ್’ ದ. ಆಟೋಕಂಪ್ಲೀಟ್ ಆಗಲಿ, ‘ಫೈಂಡ್‌ಸ್ಟ್ರಿಂಗ್’ ಆಗಲಿ ಸಣ್ಣ–ದೊಡ್ಡ ಅಕ್ಷರ ಭೇದ ಮಾಡುವುದಿಲ್ಲ. ಅವುಗಳ ಕಣ್ಣಿಗೆ ಜಮಖಂಡಿಯೂ ಆಲಮಟ್ಟಿಯೂ ಒಂದೇ ಅಕ್ಷರದಿಂದ ಶುರು, ಪಟ್ಟಿಯಲ್ಲಿ ಮೇಲೆ ಯಾವುದಿದೆಯೋ ಅದು ಗೆಲ್ಲುತ್ತದೆ. ದ ಒತ್ತಿದರೆ ಚಡಚಣ ಬರುವುದೂ ಇದರಿಂದಲೇ. ಹೆಸರನ್ನು ‘ಟುಅಪ್ಪರ್’ ಮಾಡುವ ಹಳೆಯ ಸಾಲು ಕೋಡಿನಲ್ಲಿ ಉಳಿದಿದ್ದರೆ ಇನ್ನೂ ಅನಾಹುತ, ಸೇವ್ ಆಗುವಾಗಲೇ ಜ ಹೋಗಿ ಆ ಆಗಿರುತ್ತದೆ.

ಸರಿಯಾದ ದಾರಿ ಇಡೀ ಡೇಟಾವನ್ನು ಯುನಿಕೋಡ್‌ಗೆ ತರುವುದು. ಮಾರ್ಚ್ ಲೆಕ್ಕ ಮುಗಿಯುವವರೆಗೆ ಮುಟ್ಟಬೇಡಿ ಎಂದು ಅಂಗಡಿಯವರು ಹೇಳಿದರೆ, ಅಲ್ಲಿಯವರೆಗೆ ಆಟೋಕಂಪ್ಲೀಟ್ ‘ನನ್’ ಮಾಡಿ, ಹುಡುಕಾಟಕ್ಕೆ ನಿಮ್ಮದೇ ಲೂಪ್ ಬರೆದು ‘ಆರ್ಡಿನಲ್’ (ಸಂಕೇತಗಳನ್ನೇ ನೋಡುವ) ಹೋಲಿಕೆ ಬಳಸಿ, ‘ಸಾರ್ಟೆಡ್’ ಫಾಲ್ಸ್ ಇಡಿ. ರೋಮನ್ ಸಂಕೇತದ ಅಕಾರಾದಿ ಕನ್ನಡದ ಅಕಾರಾದಿ ಅಲ್ಲ.

ಯುನಿಕೋಡ್‌ಗೆ ಬಂದ ಮೇಲೂ ಕೀಲಿಮಣೆಯ ಕಾಟ ಒಂದಿದೆ. ಕೆಲವು ಕೀಲಿಮಣೆ ತಂತ್ರಾಂಶಗಳು ಹಿಂದಿನ ಅಕ್ಷರ ತಿದ್ದಲು ಒಳಗೊಳಗೇ ಬ್ಯಾಕ್‌ಸ್ಪೇಸ್ ಕಳಿಸುತ್ತವೆ. ‘ಅಪೆಂಡ್’ ಇದ್ದರೆ ಆ ಬ್ಯಾಕ್‌ಸ್ಪೇಸ್ ನೀಲಿಯಾಗಿ ಅಂಟಿದ ಬಾಲವನ್ನು ತಿನ್ನುತ್ತದೆ, ತಿದ್ದಬೇಕಾದ ಅಕ್ಷರ ಹಾಗೇ ಉಳಿಯುತ್ತದೆ. ಅರ್ಕಾವತ್ತು ತಪ್ಪುತ್ತದೆ, ಒತ್ತು ಬೀಳುವುದಿಲ್ಲ, ಬಯ್ಯುವುದು ಪ್ರೋಗ್ರಾಂಗೆ. ಅಪೆಂಡ್ ತೆಗೆದರೆ ಸರಿಹೋಗುತ್ತದೆ. ನೀವೇ ಸೋಸುವ ಕೋಡ್ ಬರೆದಿದ್ದರೆ ಕೊನೆಯ ಕೀ ಒತ್ತಿದ 300 ಮಿಲಿಸೆಕೆಂಡ್ ನಂತರ ಸೋಸಿ, ಅರೆಬರೆ ಅಕ್ಷರದ ಮೇಲೆ ಹುಡುಕಾಟ ನಡೆಯುವುದು ತಪ್ಪುತ್ತದೆ. ಒತ್ತಕ್ಷರದ ತಳ ಕತ್ತರಿಸಿ ಕಂಡರೆ ಬಾಕ್ಸ್‌ನ ಫಾಂಟ್ ‘ನಿರ್ಮಲಾ ಯುಐ’ 10 ಪಾಯಿಂಟ್ ಮಾಡಿ. ಓನರ್‌ಡ್ರಾ (ಸಾಲುಗಳನ್ನು ನಿಮ್ಮ ಕೋಡೇ ಬಿಡಿಸುವ ಬಗೆ) ಆಗಿದ್ದರೆ ‘ಐಟಂಹೈಟ್’ ಕೂಡ ಏರಿಸಿ.

“ಗ್ರಿಡ್‌ನ್ಯಾಗ ಬರಿಯಾಕ ಬಿಡವಲ್ದು”

ಡೇಟಾಗ್ರಿಡ್‌ವ್ಯೂನ ಕಾಂಬೊ ಕಾಲಂ ಹುಟ್ಟಿನಿಂದಲೇ ಆರಿಸಲು ಮಾತ್ರ. ‘ಎಡಿಟಿಂಗ್‌ಕಂಟ್ರೋಲ್‌ಶೋಯಿಂಗ್’ನಲ್ಲಿ ಅದರ ಡ್ರಾಪ್‌ಡೌನ್‌ಸ್ಟೈಲ್ ಅನ್ನು ‘ಡ್ರಾಪ್‌ಡೌನ್’ ಮಾಡಿದರೆ ಬರೆಯಲು ಬರುತ್ತದೆ. ಆದರೆ ಪಟ್ಟಿಯಲ್ಲಿಲ್ಲದ್ದು ಬರೆದರೆ ‘ವ್ಯಾಲ್ಯೂ ಈಸ್ ನಾಟ್ ವ್ಯಾಲಿಡ್’ ಎಂದು ‘ಡೇಟಾಎರರ್’ ಏಳುತ್ತದೆ. ‘ಸೆಲ್‌ವ್ಯಾಲಿಡೇಟಿಂಗ್’ನಲ್ಲಿ ಮೊದಲು ಕಾಲಂನ ಐಟಮ್ಸ್‌ಗೆ ಸೇರಿಸಿ, ನಂತರ ಸೆಲ್‌ಗೆ ಬೆಲೆ ಕೊಡಿ. ಡೇಟಾಎರರ್ ಹ್ಯಾಂಡ್ಲರ್ ಅನ್ನು ಖಾಲಿ ಬಿಟ್ಟು ಎರರ್ ಮುಚ್ಚಿಡುವುದನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ, ಬರೆದದ್ದು ಸದ್ದಿಲ್ಲದೆ ಕಳೆದುಹೋಗುತ್ತದೆ.

ಬೇರೆ ಮನೆಗಳಲ್ಲಿ (ವಿಂಡೋಸ್ ಫಾರ್ಮ್ಸ್ ಬಿಟ್ಟು ಉಳಿದ ಸಲಕರಣೆಗಳಲ್ಲಿ)

ಡಬ್ಲ್ಯುಪಿಎಫ್‌ನಲ್ಲಿ ‘ಈಸ್‌ಎಡಿಟೆಬಲ್’ ಟ್ರೂ ಮಾಡಿದಾಗ ಡಬ್ಬಿಯಲ್ಲಿ ಕ್ಲಾಸ್‌ನ ಹೆಸರು ಕಂಡರೆ ‘ಟೆಕ್ಸ್ಟ್‌ಸರ್ಚ್.ಟೆಕ್ಸ್ಟ್‌ಪಾತ್’ ಕೊಡಿ. ಇಂಡಿ ರೋಡ್ ಕಾಟಕ್ಕೆ ‘ಈಸ್‌ಟೆಕ್ಸ್ಟ್‌ಸರ್ಚ್‌ಎನೇಬಲ್ಡ್’ ಫಾಲ್ಸ್. ಕ್ಯೂಟಿಯಲ್ಲಿ ಅಪಾಯ ತಿರುಗುಮುರುಗು: ಹೊಸದಾಗಿ ಟೈಪ್ ಮಾಡಿದರೂ ‘ಕರೆಂಟ್‌ಇಂಡೆಕ್ಸ್’ ಹಳೆಯ ಸಾಲಿನಲ್ಲೇ ಉಳಿಯುತ್ತದೆ, ‘ಕರೆಂಟ್‌ಡೇಟಾ’ ಹಳೆಯ ಗಿರಾಕಿಯ ನಂಬರ್ ಕೊಡುತ್ತದೆ. -1 ಬಂದಿದ್ದರೆ ಎರರ್ ಆದರೂ ಆಗುತ್ತಿತ್ತು. ಅದರಲ್ಲಿ ಎಂಟರ್ ಒತ್ತಿದರೆ ಬರೆದದ್ದು ಪಟ್ಟಿಯ ತಳಕ್ಕೆ ತಾನೇ ಸೇರುತ್ತದೆ, ಬೇಡವಾದರೆ ‘ನೋಇನ್ಸರ್ಟ್’. ಜಾವಾ ಸ್ವಿಂಗ್‌ನಲ್ಲಿ ಟೈಪ್ ಮಾಡಿದಾಗ ‘ಗೆಟ್‌ಸೆಲೆಕ್ಟೆಡ್‌ಐಟಂ’ ನಿಮ್ಮ ಆಬ್ಜೆಕ್ಟ್ ಬದಲು ಬರೀ ಸ್ಟ್ರಿಂಗ್ ಕೊಡಬಹುದು, ಕಾಸ್ಟ್ ಮಾಡುವ ಮೊದಲು ನೋಡಿಕೊಳ್ಳಿ. ಪೈಥಾನ್ ಟಿಕಿಂಟರ್‌ನಲ್ಲಿ ‘ವ್ಯಾಲ್ಯೂಸ್’ಗೆ ‘ಇಳಕಲ್ ಸೀರೆ’ ಎಂಬ ಒಂದೇ ಸ್ಟ್ರಿಂಗ್ ಕೊಟ್ಟರೆ ಸ್ಪೇಸ್‌ನಲ್ಲಿ ಒಡೆದು ಎರಡು ಸಾಲಾಗುತ್ತದೆ, ಟಪಲ್ ಅಥವಾ ಲಿಸ್ಟ್ ಕೊಡಿ.

ಅಂಗಡಿಗೆ ಒಪ್ಪಿಸುವ ಮೊದಲು

ಲೇಬಲ್ ಇನ್ನೂ ತೆಗೆಯಬೇಡಿ. ಪಟ್ಟಿಯಲ್ಲಿರುವ ಹೆಸರನ್ನು ಪೂರ್ತಿ ಟೈಪ್ ಮಾಡಿ ಟ್ಯಾಬ್ ಒತ್ತದೆ ಸೇವ್ ಒತ್ತಿ. ಬಾಲಕ್ಕೆ ಸ್ಪೇಸ್ ಹಾಕಿ ಟೈಪ್ ಮಾಡಿ. ವಾಟ್ಸ್‌ಆ್ಯಪ್‌ನಿಂದ ಹೆಸರು ಕಾಪಿ ಮಾಡಿ ಅಂಟಿಸಿ. ಹೊಸೂರ ಎಂದು ಬರೆದು ಯಾವ ತಾಲೂಕು ಎಂದು ಕೇಳುತ್ತದೆಯೇ ನೋಡಿ. ಬಿಜಾಪುರ ಎಂದು ಬರೆದು ವಿಜಯಪುರಕ್ಕೆ ಹೋಗುತ್ತದೆಯೇ ನೋಡಿ. ಒಂದು ಹೆಸರು ಆರಿಸಿ, ಪೂರ್ತಿ ಅಳಿಸಿ, ಖಾಲಿ ಬಿಟ್ಟು ಸೇವ್ ಒತ್ತಿ. ರೈತರ ಹೆಸರಿನ ಬಾಕ್ಸ್‌ನಲ್ಲಿ ಹೊಸ ಹೆಸರು ಬರುವುದು ತೀರಾ ಅಪರೂಪ ಎಂದು ಮುನೀಮರು ಹೇಳಿದರೆ ಆ ಒಂದು ಬಾಕ್ಸ್ ಅನ್ನು ಆರಿಸಲು ಮಾತ್ರ ಬಿಡುವ ‘ಡ್ರಾಪ್‌ಡೌನ್‌ಲಿಸ್ಟ್’ಗೇ ಇಳಿಸಿ, ಪಕ್ಕದಲ್ಲಿ ‘ಹೊಸ ಖಾತೆ’ ಎಂಬ ಬಟನ್ ಇಡಿ.